ಎಷ್ಟಾಗುತ್ತೆ, ಎಷ್ಟು ಮೀರಲ್ಲ

"ಒಂದು ಮೆಸೇಜ್ ಎಷ್ಟು ದೊಡ್ಡದಿರುತ್ತೆ?" ಅಂತ ಪಕ್ಕದ ಸೀಟಿನವರು ಕೇಳಿದರು.

"ಇನ್ನೂರು ಬೈಟ್ ಆಸುಪಾಸು."

"ಹಾಗಾದ್ರೆ ಜಾಗ ಎಷ್ಟು ಬಿಡ್ಲಿ?"

"ನಾನೂರು ಬಿಡಿ, ಧಾರಾಳ ಆಯ್ತು."

ಮಾತು ಅಲ್ಲಿಗೇ ಮುಗಿಯಿತು. ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಆ ನಾನೂರು ನಮ್ಮಿಬ್ಬರನ್ನೂ ಬೆಳಗಿನ ಜಾವದವರೆಗೆ ಸ್ಕ್ರೀನಿನ ಮುಂದೆ ಕೂರಿಸಿತು.

ಸಂದೇಶ ಕಳಿಸುವ ಒಂದು ಸಾಫ್ಟ್‌ವೇರಿನ ಹಿಂಬದಿಯಲ್ಲಿ ನನ್ನ ಕೆಲಸ. ಬಳಕೆದಾರರು ಫಾರ್ಮಿನಲ್ಲಿ ಬರೆದದ್ದು ಮೊದಲು ಒಂದು ಕ್ಯೂಗೆ ಬಂದು ಕೂರುತ್ತದೆ. ಇನ್ನೊಂದು ಪ್ರೋಗ್ರಾಂ ಅದನ್ನು ಒಂದೊಂದಾಗಿ ತೆಗೆದು ಮುಂದಕ್ಕೆ ಕಳಿಸುತ್ತದೆ. ವೇಗಕ್ಕೋಸ್ಕರ ಕ್ಯೂನಲ್ಲಿ ಪ್ರತಿ ಸಂದೇಶಕ್ಕೂ ಒಂದೇ ಅಳತೆಯ ಖಾನೆ ಇಟ್ಟಿದ್ದೆವು. ಆ ಖಾನೆಯ ಅಳತೆಯೇ ನಾನು ಹೇಳಿದ 400 ಬೈಟ್. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿರಲಿಲ್ಲ ನಾನು. ಒಂದು ತಿಂಗಳ ಲಾಗ್ (ಬಂದ ಸಂದೇಶಗಳ ದಾಖಲೆ) ತೆಗೆದು ನೋಡಿದ್ದೆ: ಸರಾಸರಿ 190, ಕಂಡದ್ದರಲ್ಲಿ ಅತಿ ದೊಡ್ಡದು 371. ಅದರ ಮೇಲೆ ಇಷ್ಟು ಸೇರಿಸಿ 400 ಅಂದಿದ್ದೆ. ಅಳೆದು ಹೇಳಿದ ಸಂಖ್ಯೆ ಎಂಬ ಹೆಮ್ಮೆಯೂ ಇತ್ತು.

ಆ ರಾತ್ರಿ ಬಂದದ್ದು ಒಂದು ಶುದ್ಧ ಕನ್ನಡದ ಸಂದೇಶ. ಅಲ್ಲಿಯವರೆಗೆ ನಮ್ಮಲ್ಲಿ ಹರಿದಾಡುತ್ತಿದ್ದದ್ದರಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದಲ್ಲಿ ಬರೆದವು, ಇಲ್ಲವೇ ಅರ್ಧಂಬರ್ಧ ಬೆರಕೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ, ಅಂದರೆ ಅಕ್ಷರ ಅಥವಾ ಅದಕ್ಕೆ ಹತ್ತುವ ಚಿಹ್ನೆ ಒಂದೊಂದಕ್ಕೂ, ಮೂರು ಬೇಕು. ಬಂದ ಸಂದೇಶದಲ್ಲಿ 158 ಸಂಕೇತಗಳು, ಅದರಲ್ಲಿ 15 ಖಾಲಿ ಜಾಗ. 143ನ್ನು ಮೂರರಿಂದ ಗುಣಿಸಿ 15 ಕೂಡಿಸಿದರೆ 444. ಖಾನೆ 400ರದ್ದು. ಕತ್ತರಿ ಒಂದು ಸಂಕೇತದ ಮೂರು ಬೈಟುಗಳ ನಡುವೆ ಬಿತ್ತು. ಓದುವ ಪ್ರೋಗ್ರಾಂ ಆ ಅರೆಬರೆ ಸಂಕೇತ ನೋಡಿ ದೋಷ ಎಂದಿತು, ಮತ್ತೆ ಪ್ರಯತ್ನಿಸಿತು, ಮತ್ತೆ ದೋಷ ಎಂದಿತು. ಅದರ ಹಿಂದೆ ನಿಂತಿದ್ದ ಸಾವಿರಾರು ಸಂದೇಶಗಳು ಅಲ್ಲೇ ನಿಂತವು. ಕನ್ನಡದಲ್ಲಿ ಬರೆದ ತಪ್ಪಿಗೆ ಸಾಲೆಲ್ಲ ನಿಂತಿತಲ್ಲ ಎಂಬ ಸಂಕಟ ನನಗೆ ಬೇರೆ.

ಮರುದಿನದ ಸಭೆಯಲ್ಲಿ ನಮ್ಮ ಹಿರಿಯರು ಲಾಗನ್ನೂ ನೋಡಲಿಲ್ಲ, ಕೋಡನ್ನೂ ನೋಡಲಿಲ್ಲ. "ಈ ನಾನೂರು ಅಂದಾಜಾ, ಮಿತಿಯಾ?" ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸೇಫ್ ಇರ್ಲಿ ಅಂತ ಡಬಲ್ ಹಾಕಿದ್ದೆ ಸರ್" ಅಂದೆ.

"ಅಂದಾಜನ್ನ ಎರಡರಿಂದ ಗುಣಿಸಿದ್ರೆ ದೊಡ್ಡ ಅಂದಾಜು ಬರುತ್ತೆ. ಮಿತಿ ಬರಲ್ಲ."

ಆ ಮಾತು ಒಳಗಿಳಿಯಲು ನನಗೆ ಒಂದಿಷ್ಟು ದಿನ ಬೇಕಾಯಿತು. ಅಂದಾಜು ಕೇಳುವವರು "ಎಷ್ಟಾಗುತ್ತೆ" ಅಂತ ಕೇಳುತ್ತಾರೆ. ಅದಕ್ಕೆ ಕೊಟ್ಟ ಉತ್ತರ ನಿಜಕ್ಕೆ ಹತ್ತಿರ ಇರಬೇಕು. ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ತಪ್ಪೇನಿಲ್ಲ, ದೂರ ಹೋಗಬಾರದು ಅಷ್ಟೆ. ಮೇಲ್ಮಿತಿ ಕೇಳುವವರ ಪ್ರಶ್ನೆ "ಎಷ್ಟನ್ನು ಮೀರಲ್ಲ" ಎಂಬುದು. ಅಲ್ಲಿ ಹತ್ತಿರ ಇರುವುದು ಶೋಭೆ, ಮೀರದಿರುವುದು ಕಡ್ಡಾಯ. ನನ್ನನ್ನು ಕೇಳಿದ್ದು ಮೊದಲನೆಯ ಪ್ರಶ್ನೆ, ನನ್ನ ಉತ್ತರ ಬಳಕೆಯಾದದ್ದು ಎರಡನೆಯದಕ್ಕೆ. ಎರಡಕ್ಕೂ ನಾವು ಆಡುವ ಪದ ಒಂದೇ: "ಎಷ್ಟು?"

ಲಾಗ್‌ನಲ್ಲಿ ಕಂಡ 371 ಇನ್ನೂ ಮೋಸದ ಸಂಖ್ಯೆ. ಅದನ್ನು ನಾನು "ಗರಿಷ್ಠ" ಎಂದು ಬರೆದುಕೊಂಡಿದ್ದೆ. ನೋಡಿದ್ದರಲ್ಲಿ ದೊಡ್ಡದು ಅಷ್ಟಿತ್ತು ಅಂದರೆ ಇರಬಹುದಾದ ದೊಡ್ಡದು ಅಷ್ಟು ಇಲ್ಲವೇ ಅದಕ್ಕಿಂತ ಹೆಚ್ಚು. ಅಂದರೆ ಕಣ್ಣಿಗೆ ಬಿದ್ದ ಗರಿಷ್ಠ ಎಂಬುದು ನಿಜವಾದ ಗರಿಷ್ಠಕ್ಕೆ ಕೆಳಮಿತಿ! ನಾನು ಕೆಳಮಿತಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಅದರ ಮೇಲೆ ಇಪ್ಪತ್ತೊಂಬತ್ತು ಬೈಟ್ ಔದಾರ್ಯ ತೋರಿಸಿದ್ದೆ. ಇನ್ನೊಂದು ವರ್ಷದ ಲಾಗ್ ನೋಡಿದ್ದರೂ ಇದು ಬದಲಾಗುತ್ತಿರಲಿಲ್ಲ. ಎಷ್ಟು ನೋಡಿದರೂ, ನೋಡದೆ ಉಳಿದದ್ದರ ಬಗ್ಗೆ ಲಾಗ್ ಭರವಸೆ ಕೊಡುವುದಿಲ್ಲ.

ತಮಾಷೆಯೆಂದರೆ ಮೇಲ್ಮಿತಿ ಕಂಡುಹಿಡಿಯಲು ಲಾಗ್ ಬೇಕೇ ಇರಲಿಲ್ಲ. ಫಾರ್ಮಿನಲ್ಲಿ 160 ಅಕ್ಷರ ಮೀರಬಾರದೆಂಬ ಕಟ್ಟು ಇತ್ತು, ಸರ್ವರ್ ಕೂಡ ಅದನ್ನೇ ಇನ್ನೊಮ್ಮೆ ಪರೀಕ್ಷಿಸುತ್ತಿತ್ತು. ಯುಟಿಎಫ್-8ರಲ್ಲಿ ಯಾವ ಸಂಕೇತಕ್ಕೂ ನಾಲ್ಕು ಬೈಟಿಗಿಂತ ಹೆಚ್ಚು ಹಿಡಿಯುವುದಿಲ್ಲ. 160 ಗುಣಿಸು 4, 640. ಮುಗಿಯಿತು. ಯಾರು ಏನು ಬರೆಯುತ್ತಾರೆ, ಯಾವ ಭಾಷೆಯಲ್ಲಿ, ಎಷ್ಟು ಎಮೋಜಿ ಹಾಕುತ್ತಾರೆ, ಒಂದೂ ಗೊತ್ತಿರಬೇಕಿಲ್ಲ. ಗೊತ್ತಿಲ್ಲದ ಪ್ರತಿಯೊಂದರ ಜಾಗದಲ್ಲೂ ಅದರ ಅತಿ ಕೆಟ್ಟ ಬೆಲೆಯನ್ನು ಇಟ್ಟು ಮುಂದೆ ಹೋಗುವುದೇ ಈ ಲೆಕ್ಕದ ರೀತಿ. ಅಂದಾಜಿಗೆ ಜಗತ್ತಿನ ಪರಿಚಯ ಬೇಕು. ಮೇಲ್ಮಿತಿಗೆ ನಿಯಮಗಳ ಪರಿಚಯ ಸಾಕು.

ಆಮೇಲಿನ ಸಭೆಯಲ್ಲಿ ನಾನು 640 ಅಂದಾಗ ಹಿರಿಯರು ಒಪ್ಪಿದರು, ಆದರೆ "160 ಏನು?" ಅಂತ ಕೇಳಿದರು. ಅಕ್ಷರ ಸರ್, ಅಂದೆ. ಯಾವ ಅಕ್ಷರ? ಇಲ್ಲೊಂದು ಸ್ವಾರಸ್ಯ ಇದೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಸ, ವಿರಾಮ (ಸ್ವರವನ್ನು ತೆಗೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಆರು ಸಂಕೇತ, ಹದಿನೆಂಟು ಬೈಟ್. ಓದುವವನ ಎಣಿಕೆಯಲ್ಲಿ 160 ಅಕ್ಷರ ಎಂದಿದ್ದರೆ ಒತ್ತಕ್ಷರದ ಮೇಲೆ ಒತ್ತಕ್ಷರ ಪೇರಿಸುತ್ತ ಹೋಗಬಹುದಿತ್ತು, ಮೇಲ್ಮಿತಿಯೇ ಸಿಗುತ್ತಿರಲಿಲ್ಲ. ನಮ್ಮ ಪುಣ್ಯಕ್ಕೆ ಫಾರ್ಮ್ ಎಣಿಸುತ್ತಿದ್ದದ್ದು ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟಿನ ಉದ್ದ, ಅಂದರೆ ಯುಟಿಎಫ್-16 ಎಂಬ ಇನ್ನೊಂದು ಪದ್ಧತಿಯ ಘಟಕಗಳು. ಆ ಎಣಿಕೆಯಲ್ಲಿ ನಾಲ್ಕು ಬೈಟಿನ ಎಮೋಜಿಗೆ ಎರಡು ಘಟಕ ಖರ್ಚಾಗುತ್ತದೆ, ಘಟಕಕ್ಕೆ ಎರಡೇ ಬೈಟ್ ಬಿದ್ದಂತಾಯಿತು. ಘಟಕವೊಂದಕ್ಕೆ ಅತಿ ಹೆಚ್ಚು ಅಂದರೆ ಮೂರು. ಹಾಗಾಗಿ 480 ಸಾಕು.

640 ತಪ್ಪೇ ಹಾಗಾದರೆ? ಅಲ್ಲ. ಅದೂ ಸರಿಯಾದ ಮೇಲ್ಮಿತಿ, ಸಡಿಲವಾದದ್ದು ಅಷ್ಟೆ. ನನಗೆ ತುಂಬ ಹಿಡಿಸಿದ ವ್ಯತ್ಯಾಸ ಇದು. ಇಬ್ಬರು ಬೇರೆ ಬೇರೆ ಅಂದಾಜು ಕೊಟ್ಟರೆ ಅವು ಒಂದರ ಮೇಲೊಂದು ಜಗಳಕ್ಕೆ ಬೀಳುತ್ತವೆ. ಇಬ್ಬರು ಬೇರೆ ಬೇರೆ ಮೇಲ್ಮಿತಿ ಕೊಟ್ಟರೆ ಎರಡೂ ನಿಜ ಇರಬಹುದು. ಚಿಕ್ಕದನ್ನು ಇಟ್ಟುಕೊಂಡು ದೊಡ್ಡದನ್ನು ಮರೆತರಾಯಿತು. ಗಣಿತದವರು ಇದನ್ನು ಎಲ್ಲಿಯವರೆಗೆ ಎಳೆಯಬಲ್ಲರು ಎನ್ನುವುದಕ್ಕೆ ಗ್ರಹಾಂ ಸಂಖ್ಯೆಯನ್ನು ನೋಡಬೇಕು. 1977ರಲ್ಲಿ ಗಣಿತದ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ಬರೆದ ಮೇಲೆ ಪ್ರಸಿದ್ಧವಾದ ಅದು ಒಂದು ಬಣ್ಣ ಹಚ್ಚುವ ಸಮಸ್ಯೆಯ ಉತ್ತರಕ್ಕೆ ಮೇಲ್ಮಿತಿ. ಅದರ ಅಂಕಿಗಳನ್ನು ಬರೆದಿಡಲು ಕಾಣುವ ವಿಶ್ವದಲ್ಲೇ ಜಾಗ ಸಾಲದು. ಅದೇ ಉತ್ತರಕ್ಕೆ ಆಮೇಲೆ ಸಾಧಿಸಿದ ಕೆಳಮಿತಿಯೊಂದು 13. ಉತ್ತರ ಎಷ್ಟಿರಬಹುದು ಎಂದು ಅಂದಾಜು ಮಾಡಲು ಹೊರಟವನಿಗೆ ಆ ಮೇಲ್ಮಿತಿಯಿಂದ ಕೂದಲೆಳೆಯಷ್ಟೂ ಉಪಯೋಗವಿಲ್ಲ. ಆದರೂ ಉತ್ತರ ಎಂಬುದೊಂದು ಇದೆ, ಅದು ಅನಂತಕ್ಕೆ ಓಡಿಹೋಗುವುದಿಲ್ಲ ಎಂಬ ಖಾತ್ರಿ ಅದರಲ್ಲಿದೆ.

ಖಾನೆಯನ್ನು 480ಕ್ಕೆ ಹಿಗ್ಗಿಸಿದೆವು, ಪ್ರತಿ ಸಂದೇಶದ ಜೊತೆ ಇಡುವ ತಲೆಬರಹ ಸೇರಿಸಿ 512. ಇಲ್ಲಿಗೆ ನಾನು ಬುದ್ಧಿ ಕಲಿತೆ ಅಂದುಕೊಳ್ಳಬೇಡಿ. ಹಾವು ಕಚ್ಚಿಸಿಕೊಂಡವನಿಗೆ ಹಗ್ಗ ಕಂಡರೂ ನಡುಕ. ಮುಂದಿನ ಆರು ತಿಂಗಳು ಯಾರು ಏನು ಕೇಳಿದರೂ ನಾನು ಮೇಲ್ಮಿತಿಯನ್ನೇ ಕೊಟ್ಟೆ. ಒಂದು ದಿನ ನಮ್ಮ ಮ್ಯಾನೇಜರ್, ಕಳಿಸಿದ ಸಂದೇಶಗಳನ್ನೆಲ್ಲ ಒಂದು ವರ್ಷ ಸಂಗ್ರಹಿಸಿಡಲು ಎಷ್ಟು ಡಿಸ್ಕ್ ಬೇಕು ಅಂತ ಕೇಳಿದರು. ನಾನು ಕೂತು ಲೆಕ್ಕ ಹಾಕಿದೆ. ನಮ್ಮ ಗೇಟು ಸೆಕೆಂಡಿಗೆ 500 ಸಂದೇಶಕ್ಕಿಂತ ಹೆಚ್ಚು ಒಳಗೆ ಬಿಡುವುದಿಲ್ಲ. ದಿನಕ್ಕೆ 86,400 ಸೆಕೆಂಡು. 4 ಕೋಟಿ 32 ಲಕ್ಷ ಸಂದೇಶ, ತಲಾ 512 ಬೈಟ್, ದಿನಕ್ಕೆ 22 ಜಿಬಿ, ವರ್ಷಕ್ಕೆ 8 ಟಿಬಿ.

ಮೇಡಂ ಹಾಳೆ ನೋಡಿ, ನನ್ನ ಮುಖ ನೋಡಿ, "ಇದನ್ನ ಮೀರಲ್ಲ ಅಂತ ಗೊತ್ತಾಯ್ತು. ಎಷ್ಟಾಗುತ್ತೆ ಅಂತ ಹೇಳಿ" ಅಂದರು.

ಆಗ ದಿನಕ್ಕೆ ಬರುತ್ತಿದ್ದದ್ದು ಆರು ಲಕ್ಷದ ಹತ್ತಿರ. ಸಂಗ್ರಹದಲ್ಲಿ ಖಾಲಿ ಜಾಗ ಕತ್ತರಿಸಿ ಇಡುವುದರಿಂದ ಸರಾಸರಿ 220 ಬೈಟ್. ದಿನಕ್ಕೆ 132 ಎಂಬಿ, ವರ್ಷಕ್ಕೆ 48 ಜಿಬಿ. ನಾನು ಹೇಳಿದ್ದು ಅದರ ನೂರಾ ಅರವತ್ತಕ್ಕೂ ಹೆಚ್ಚು ಪಟ್ಟು. ಮೂಗಿಗಿಂತ ಮೂಗುತಿ ಭಾರ. ನನ್ನ 8 ಟಿಬಿಯಲ್ಲಿ ಒಂದಂಶವೂ ಸುಳ್ಳಿರಲಿಲ್ಲ, ಅದೇ ಅದರ ತೊಂದರೆ. ಸುಳ್ಳಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಪ್ರತಿ ಸೆಕೆಂಡೂ ಗೇಟು ತುಂಬಿ, ಪ್ರತಿ ಸಂದೇಶವೂ ಉದ್ದುದ್ದ ಬಂದು, ಹಾಗೇ 365 ದಿನ ನಡೆದರೆ ಮಾತ್ರ ಅಷ್ಟಾಗುತ್ತದೆ. ಒಂದೊಂದು ಕೆಟ್ಟ ಸಂಗತಿಯೂ ಆಗಬಹುದಾದದ್ದೇ. ಎಲ್ಲವೂ ಒಟ್ಟಿಗೆ, ವರ್ಷವಿಡೀ ಆಗುವುದಿಲ್ಲ. ಅಂದಾಜುಗಳನ್ನು ಕೂಡಿಸುತ್ತ ಹೋದರೆ ಮೇಲಿನ ತಪ್ಪು ಕೆಳಗಿನ ತಪ್ಪನ್ನು ಒಂದಿಷ್ಟು ತಿನ್ನುತ್ತದೆ. ಮೇಲ್ಮಿತಿಗಳನ್ನು ಕೂಡಿಸಿದರೆ ತಪ್ಪೆಲ್ಲ ಒಂದೇ ಕಡೆಗೆ ಪೇರುತ್ತದೆ. ಒಂದು ಖಾನೆಗೆ ಹೊಂದಿದ ಮೇಲ್ಮಿತಿ ಒಂದು ವರ್ಷಕ್ಕೆ ಹೊಂದುವುದಿಲ್ಲ.

ಡಿಸ್ಕ್ ತುಂಬುತ್ತ ಬಂದರೆ ಇನ್ನಷ್ಟು ಸೇರಿಸಬಹುದು, ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಇದೆ. ಅಂಥ ಕಡೆ ಅಂದಾಜೇ ಬೇಕು. ಖಾನೆ ತುಂಬಿದರೆ ಎಚ್ಚರಿಕೆ ಇಲ್ಲ, ಕತ್ತರಿ ಇದೆ. ಯಾವುದು ಬೇಕೆಂದು ತೀರ್ಮಾನಿಸುವುದು ಸಂಖ್ಯೆ ಅಲ್ಲ, ಅದು ತಪ್ಪಾದಾಗ ಏನಾಗುತ್ತದೆ ಎಂಬುದು.

ಇದರ ಜೊತೆಗೆ ನಾನು ಮಾಡಿದ ಮೂರನೆಯ ತಪ್ಪು ಸಣ್ಣದು, ಆದರೆ ಬೇರೆಯವರ ಲೆಕ್ಕದ ಹಾಳೆಗಳಲ್ಲಿ ನಾನು ಅತಿ ಹೆಚ್ಚು ನೋಡುವುದು ಅದನ್ನೇ. ಕ್ಯೂ ಪೂರ್ತಿ ತುಂಬಿದರೆ ಖಾಲಿಯಾಗಲು ಹೆಚ್ಚೆಂದರೆ ಎಷ್ಟು ಹೊತ್ತು? ಕ್ಯೂ ಹಿಡಿಯುವಷ್ಟು ಸಂದೇಶಗಳನ್ನು, ಕಳಿಸುವ ಸರಾಸರಿ ವೇಗದಿಂದ ಭಾಗಿಸಿ, ಬಂದ ನಿಮಿಷಗಳಿಗೆ "ಗರಿಷ್ಠ ಸಮಯ" ಎಂದು ಹೆಸರಿಟ್ಟಿದ್ದೆ. ಮೇಲೆ ಇಟ್ಟದ್ದು ಮೇಲ್ಮಿತಿ, ಕೆಳಗೆ ಇಟ್ಟದ್ದು ಸರಾಸರಿ. ಬಂದದ್ದು ಮೇಲ್ಮಿತಿಯೂ ಅಲ್ಲ, ಅಂದಾಜೂ ಅಲ್ಲ, ಹೆಸರಿಲ್ಲದ ಕೂಸು. ಸಮಯದ ಮೇಲ್ಮಿತಿ ಬೇಕಾದರೆ ಭಾಗಿಸುವ ವೇಗಕ್ಕೆ ಕೆಳಮಿತಿ ಬೇಕು. ಭಾಗಿಸುವಾಗ, ಕಳೆಯುವಾಗ ದಿಕ್ಕು ತಿರುಗುತ್ತದೆ. ಮತ್ತೆ ನಿಜ ಹೇಳಬೇಕೆಂದರೆ ನಮ್ಮ ಕಳಿಸುವ ವೇಗಕ್ಕೆ ಸೊನ್ನೆಗಿಂತ ಮೇಲಿನ ಕೆಳಮಿತಿಯೇ ಇರಲಿಲ್ಲ, ಏಕೆಂದರೆ ಆಚೆ ಕಡೆಯ ಸರ್ವರ್ ನಿಂತರೆ ನಾವೂ ನಿಂತೆವು. "ಮೇಲ್ಮಿತಿ ಇಲ್ಲ" ಎಂದು ಬರೆಯುವುದಕ್ಕೆ ಆ ದಿನ ನನಗೆ ಸಂಕೋಚವಾಗಿತ್ತು. ಈಗ ಬರೆಯುತ್ತೇನೆ. ಇಂಥ ಕಡೆ ಟೈಮ್‌ಔಟ್ (ಇಷ್ಟು ಹೊತ್ತಾದರೆ ಕಾಯುವುದನ್ನು ಬಿಡುವ ನಿಯಮ) ಹಾಕುವುದು ಅದಕ್ಕೇ: ಲೆಕ್ಕದಲ್ಲಿ ಸಿಗದ ಮಿತಿಯನ್ನು ಕೈಯಿಂದಲೇ ಕಟ್ಟುವುದು.

ಸಿಗದ ಮಿತಿ ಅಂದೆ. ಕೆಲವು ಸಲ ಅದು ಪೂರ್ತಿ ಖಾತ್ರಿಯಾಗಿ ಸಿಗದಿದ್ದರೂ ಸಂಭವನೀಯತೆಯ ಲೆಕ್ಕದಲ್ಲಿ ಸಿಗುತ್ತದೆ, ಅಲ್ಲಿ ಅಂದಾಜಿಗೂ ಮೇಲ್ಮಿತಿಗೂ ಇರುವ ಅಂತರ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಖಾನೆ ಬದಲಿಸಿದ ಮೇಲೆ ನಾವು ಹೊಸ ಕೋಡನ್ನು 3,000 ಸಲ ಓಡಿಸಿದೆವು, ಒಮ್ಮೆಯೂ ಬೀಳಲಿಲ್ಲ. ಬೀಳುವ ಪ್ರಮಾಣ ಎಷ್ಟು? ಅಂದಾಜು ಕೇಳಿದರೆ ಸೊನ್ನೆ: ಮೂರು ಸಾವಿರಕ್ಕೆ ಸೊನ್ನೆ. ಆ ಸೊನ್ನೆಯನ್ನು ಹಿಡಿದು "ಬೀಳುವುದೇ ಇಲ್ಲ" ಎಂದು ಪ್ರಕಟಿಸಲು ಒಬ್ಬರು ಸಿದ್ಧರಾಗಿದ್ದರು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮೂರರ ನಿಯಮ ಎಂಬುದೊಂದಿದೆ: ಒಂದಕ್ಕೊಂದು ಸಂಬಂಧವಿಲ್ಲದ n ಪ್ರಯತ್ನಗಳಲ್ಲಿ ಒಂದೂ ಸೋಲು ಕಾಣದಿದ್ದರೆ, 95 ಶೇಕಡಾ ಭರವಸೆಯಲ್ಲಿ ಸೋಲಿನ ಪ್ರಮಾಣದ ಮೇಲ್ಮಿತಿ ಹೆಚ್ಚುಕಡಿಮೆ 3/n. ನಮಗೆ ಅದು ಸಾವಿರಕ್ಕೆ ಒಂದು. ದಿನಕ್ಕೆ ಆರು ಲಕ್ಷ ಸಂದೇಶ ಇರುವಲ್ಲಿ ಸಾವಿರಕ್ಕೆ ಒಂದು ಅಂದರೆ ದಿನಕ್ಕೆ 600. ಅಷ್ಟು ಬೀಳುತ್ತದೆ ಎಂದಲ್ಲ. ನಾವು ಮಾಡಿದ ಪರೀಕ್ಷೆ ಅದಕ್ಕಿಂತ ಕಡಿಮೆ ಎಂಬ ಭರವಸೆಯನ್ನು ಕೊಡುವುದಿಲ್ಲ ಎಂದು. ಒಂದೇ ಪರೀಕ್ಷೆ, ಒಂದೇ ಫಲಿತಾಂಶ, ಸೊನ್ನೆ ಒಂದು ಉತ್ತರ, 600 ಇನ್ನೊಂದು.

ಮೇಲ್ಮಿತಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಬೇರನ್ನೂ ನೋಡಬೇಕು. ಪ್ರತಿ ಮೇಲ್ಮಿತಿಯೂ "ಹೀಗಿದ್ದರೆ" ಎಂಬ ಷರತ್ತಿನ ಮೇಲೆ ನಿಂತಿರುತ್ತದೆ. ಏರಿಯನ್ 5 ರಾಕೆಟ್ಟಿನ ಮೊದಲ ಹಾರಾಟದ ಕಥೆ ನಮ್ಮ ವೃತ್ತಿಯಲ್ಲಿ ಎಲ್ಲರೂ ಕೇಳಿರುತ್ತಾರೆ: 1996ರ ಜೂನ್ 4, 64 ಬಿಟ್ ಸಂಖ್ಯೆಯೊಂದನ್ನು 16 ಬಿಟ್ಟಿನ ಖಾನೆಗೆ ತುರುಕಲು ಹೋಗಿ, 32,767ಕ್ಕಿಂತ ದೊಡ್ಡದಾದ ಅದು ಹಿಡಿಸದೆ, ಒಂದು ನಿಮಿಷವೂ ಹಾರದೆ ರಾಕೆಟ್ ನಾಶವಾಯಿತು. ಅಜಾಗರೂಕತೆಯ ಉದಾಹರಣೆಯಾಗಿ ಇದನ್ನು ಹೇಳುವವರೇ ಹೆಚ್ಚು. ತನಿಖಾ ವರದಿ ಹೇಳುವುದು ಇನ್ನೂ ಸೂಕ್ಷ್ಮ. ಎಂಜಿನಿಯರುಗಳು ಅಪಾಯವಿರುವ ಏಳು ಸಂಖ್ಯೆಗಳನ್ನು ಗುರುತಿಸಿದ್ದರು. ನಾಲ್ಕಕ್ಕೆ ಕೋಡಿನಲ್ಲೇ ರಕ್ಷಣೆ ಇಟ್ಟರು. ಉಳಿದ ಮೂರನ್ನು, ಅವು ಭೌತಿಕವಾಗಿಯೇ ಮಿತಿಯಲ್ಲಿವೆ ಅಥವಾ ದೊಡ್ಡ ಅಂತರ ಇದೆ ಎಂಬ ತರ್ಕದ ಮೇಲೆ ಬಿಟ್ಟರು. ಏಕೆಂದರೆ ಕಂಪ್ಯೂಟರಿನ ಕೆಲಸದ ಹೊರೆಯನ್ನು 80 ಶೇಕಡಾ ಒಳಗೆ ಇಡಬೇಕಿತ್ತು. ಆ ತರ್ಕ ಏರಿಯನ್ 4ರ ಹಾದಿಗೆ ಸರಿಯಾಗಿತ್ತು. ಏರಿಯನ್ 5ರ ಅಡ್ಡ ವೇಗ ಅದರ ಐದು ಪಟ್ಟು ಬೇಗ ಏರುತ್ತಿತ್ತು. ಕೋಡು ಹೊಸ ರಾಕೆಟ್ಟಿಗೆ ಬಂತು, ಷರತ್ತು ಹಳೆಯ ರಾಕೆಟ್ಟಿನಲ್ಲೇ ಉಳಿಯಿತು. ನನ್ನ 400ಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಅವರದ್ದು ನಿಜಕ್ಕೂ ತರ್ಕ ಮಾಡಿ ಪಡೆದ ಮಿತಿ. ಅದಕ್ಕೇ ನನಗೆ ಅದು ಹೆಚ್ಚು ಭಯ ಹುಟ್ಟಿಸುತ್ತದೆ.

ಹಾಗೆಂದು ಅಂದಾಜನ್ನು ಕೀಳು ಕಾಣುವ ಚಾಳಿಯೂ ನನಗೆ ಸೇರುವುದಿಲ್ಲ. 1945ರ ಟ್ರಿನಿಟಿ ಪರೀಕ್ಷೆಯಲ್ಲಿ, ಅಂದರೆ ಮೊದಲ ಅಣುಬಾಂಬಿನ ಪರೀಕ್ಷೆಯಲ್ಲಿ, ಭೌತವಿಜ್ಞಾನಿ ಎನ್ರಿಕೊ ಫರ್ಮಿ ಸ್ಫೋಟದ ಗಾಳಿ ಬರುವಾಗ ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟು, ಅವು ಎಷ್ಟು ದೂರ ಸರಿದವು ಎಂಬುದರ ಮೇಲೆ ಸ್ಫೋಟದ ಬಲ ಹತ್ತು ಸಾವಿರ ಟನ್ ಟಿಎನ್‌ಟಿಗೆ ಸಮ ಎಂದರು. ನಿಜವಾದದ್ದು ಇಪ್ಪತ್ತು ಸಾವಿರ ಟನ್ನಿಗೂ ಮೇಲೆ. ಅಂದಾಜಾಗಿ ಅದು ಅದ್ಭುತ. ಕಾಗದದ ಚೂರಿನಲ್ಲಿ ಅಷ್ಟು ಹತ್ತಿರ ಹೋಗುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅದೇ ಹತ್ತು ಸಾವಿರವನ್ನು ಯಾರಾದರೂ ಮೇಲ್ಮಿತಿ ಎಂದು ಓದಿ ಅದಕ್ಕೆ ತಕ್ಕ ಗೋಡೆ ಕಟ್ಟಿದ್ದರೆ ತಪ್ಪು ಫರ್ಮಿಯದ್ದಾಗುತ್ತಿರಲಿಲ್ಲ.

ನಮ್ಮ ತಂಡದಲ್ಲಿ ಬದಲಾದದ್ದು ಬಹಳ ಕಡಿಮೆ. ಲೆಕ್ಕದ ಹಾಳೆಯಲ್ಲಿ "ಎಷ್ಟು" ಎಂಬ ಒಂದು ಕಾಲಂ ಇದ್ದ ಕಡೆ "ಆಗುವುದು", "ಮೀರದ್ದು" ಎಂದು ಎರಡು ಬಂದವು. "ಮೀರದ್ದು" ಖಾಲಿ ಬಿಡಬಹುದು, ಆದರೆ "ಆಗುವುದು" ಕಾಲಮ್ಮಿನ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಅಲ್ಲಿ ಬರೆಯುವಂತಿಲ್ಲ. ಕೋಡಿನಲ್ಲಿ 480 ಇರುವ ಸಾಲಿನ ಮೇಲೆ ಒಂದು ಟಿಪ್ಪಣಿ ಹಾಕಿದೆ: 160 ಘಟಕ, ಘಟಕಕ್ಕೆ 3 ಬೈಟ್, ಎಣಿಸಿದ ಪಠ್ಯವೇ ಸಂಗ್ರಹವಾಗುತ್ತದೆ ಎಂಬ ಷರತ್ತಿನ ಮೇಲೆ.

ಕೊನೆಯ ಆ ಷರತ್ತನ್ನು ಬರೆಯುವಾಗ ಇದೇನು ಬಿಡಿ, ಗೊತ್ತಿರುವುದೇ ಅಲ್ಲವೇ ಎನಿಸಿತ್ತು. ಹೋದ ತಿಂಗಳು ಹುಡುಕಾಟ ಸುಲಭವಾಗಲಿ ಎಂದು ಒಬ್ಬರು ಹೊಸ ಹಂತ ಸೇರಿಸಲು ಹೊರಟರು: ಕ್ಯೂಗೆ ಹಾಕುವ ಮುನ್ನ ಪಠ್ಯವನ್ನು ಬಿಡಿಸಿದ ರೂಪಕ್ಕೆ ತರುವುದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ "ಕೋ" ಎಂಬುದನ್ನು ಕ ಮತ್ತು ಓಕಾರದ ಚಿಹ್ನೆ ಎಂದು ಎರಡು ಸಂಕೇತದಲ್ಲಿ ಇಡಬಹುದು, ಬಿಡಿಸಿದರೆ ಓಕಾರವೊಂದೇ ಮೂರು ಚೂರಾಗಿ ಒಟ್ಟು ನಾಲ್ಕಾಗುತ್ತದೆ. ಆರು ಬೈಟ್ ಇದ್ದದ್ದು ಹನ್ನೆರಡು. ಫಾರ್ಮ್ ಎಣಿಸಿದ ಪಠ್ಯ ಒಂದು, ಖಾನೆಗೆ ಬೀಳುವುದು ಇನ್ನೊಂದು. ಸೇರಿ ಮೂರು ವಾರವೂ ಆಗದ ಹುಡುಗಿಯೊಬ್ಬಳು ಕೋಡ್ ನೋಡುತ್ತ ಆ ಟಿಪ್ಪಣಿ ಓದಿ, "ಸರ್, ಹಾಗಾದ್ರೆ ಇದು ಇನ್ನು 480 ಅಲ್ಲ ಅಲ್ವಾ?" ಅಂದಳು. ಕೂತು ಲೆಕ್ಕ ಹಾಕಿದೆವು. ಬಿಡಿಸಿದಾಗ ಯುಟಿಎಫ್-8 ಗಾತ್ರ ಮೂರು ಪಟ್ಟಿಗಿಂತ ಹೆಚ್ಚು ಬೆಳೆಯುವುದಿಲ್ಲ. ಘಟಕಕ್ಕೆ ಒಂಬತ್ತು ಬೈಟ್, ಒಟ್ಟು 1,440. ಆ ಮೂರು ಪಟ್ಟನ್ನು ಮುಟ್ಟುವ ಚಿಹ್ನೆಗಳಲ್ಲಿ ನಮ್ಮ ಓಕಾರವೇ ಒಂದು. ಮುಂದಿನ ಪ್ರಶ್ನೆಯನ್ನೂ ಅವಳೇ ಕೇಳಿದಳು: "ಆದ್ರೆ ಸಾಮಾನ್ಯವಾಗಿ ಎಷ್ಟಾಗುತ್ತೆ?" ಅದಕ್ಕೆ ಲಾಗ್ ತೆಗೆಯಬೇಕು ಅಂದೆ. ಆ ಹೊಸ ಹಂತ ಕ್ಯೂಗೆ ಮೊದಲೇ ಬೇಕೋ, ಆಮೇಲೆ ಸಂಗ್ರಹದಲ್ಲಿ ಮಾಡಿದರೆ ಸಾಕೋ ಎಂಬ ವಾದ ಇನ್ನೂ ನಡೆಯುತ್ತಿದೆ. ಖಾನೆ ಸದ್ಯಕ್ಕೆ 512ರದ್ದೇ.